ಗಾಜಿನ ಬಟ್ಟಲಿನ ಕಲ್ಲುಪ್ಪು

ಮತ್ತೆ ನೊರೆ ತೆಳ್ಳಗಾಯಿತು, ಮೊನ್ನೆ ಹೀಗಿರಲಿಲ್ಲ, ಮೊನ್ನೆ ಆ ಬಿಳಿ ಕಾರಿನ ಬಾಗಿಲ ಮೇಲೆ ನೊರೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿ ನಿಂತು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತಿತ್ತು, ಇವತ್ತು ಬೆಳಿಗ್ಗೆಯಿಂದ ಬಿದ್ದಲ್ಲೇ ಒಡೆದು ನೀರಾಗುತ್ತಿದೆ, ಸುತ್ತ ನಿಂತಿರುವ ಯಾರಿಗೂ ಅದು ಕಾಣುತ್ತಿಲ್ಲ, ಭಾವನಿಗೂ ಕಾಣುತ್ತಿಲ್ಲ, ಅವನು ಮೈಕು ಹಿಡಿದು ಜನರ ಮುಖ ನೋಡುತ್ತಿದ್ದಾನೆ, ನೊರೆಯ ಮುಖ ನೋಡುವವಳು ನಾನೊಬ್ಬಳೇ — ನಂದಂಬಾಕ್ಕಂನ ಈ ಬಯಲಿನಲ್ಲಿ, ಶಾಮಿಯಾನದ ಕೆಳಗೆ, ಕಾರು ತೊಳೆಯುವ ಯಂತ್ರಗಳ ಪ್ರದರ್ಶನದ ಕೊನೆಯ ದಿನ, ಅವನ ಮಳಿಗೆಯ ಎದುರಿಗೆ, ನಡುವೆ ಒಂದು ಓಣಿ, ಓಣಿಯ ಈಚೆ ನಾನು, ಯಾರದೋ ಕಂಪನಿಯ ಒರೆಸುವ ಬಟ್ಟೆಗಳನ್ನು ಮಡಿಸಿ ಮಡಿಸಿ ಜೋಡಿಸುತ್ತಾ, ನೀಲಿ ಬಟ್ಟೆಯ ಮೇಲೆ ಹಳದಿ, ಹಳದಿಯ ಮೇಲೆ ಬೂದಿ, ಮೇಜಿನ ತುದಿಯಲ್ಲಿ ಗಾಜಿನ ಬಟ್ಟಲು, ಬಟ್ಟಲು ತುಂಬ ಕಲ್ಲುಪ್ಪು, ಮೇಲೊಂದು ನಿಂಬೆಹಣ್ಣು. ಈ ತಮಿಳು ಊರಿನಲ್ಲಿ ಅದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ, ಪ್ರತಿ ಅಂಗಡಿಯ ಗಲ್ಲಾದ ಪಕ್ಕದಲ್ಲೂ ಇರುತ್ತದೆ, ಕಣ್ಣು ತಗುಲದಿರಲಿ ಎಂದು. ಆದರೆ ನಾನು ಅದನ್ನು ಕಣ್ಣಿಗೆ ಬೀಳಲೆಂದೇ ಇಟ್ಟಿದ್ದೇನೆ, ಅವನ ಕಣ್ಣಿಗೆ. ಮೊದಲ ದಿನ ಬಂದೇ ಬಂದ, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ತೂಗಿಸಿಕೊಂಡು, ಬೆಣ್ಣೆ ಸವರಿದ ನಗು, ಏನಮ್ಮ ಅಂಬು, ಬಟ್ಟೆ ಅಂಗಡಿ ಇಟ್ಟಿದೀಯಾ, ಒಳ್ಳೇದಾಯ್ತು ಬಿಡು, ತೊಳೆಯೋರು ನಾವು ಒರೆಸೋರು ನೀವು, ಎಂದು ತಾನೇ ನಕ್ಕು, ಬಟ್ಟಲನ್ನು ಬೆರಳಲ್ಲಿ ಟಣ್ಣೆಂದು ತಟ್ಟಿ, ಕೆಮಿಸ್ಟ್ರಿ ಎಂಎಸ್ಸಿ ಮಾಡಿರೋಳು, ಇನ್ನೂ ಈ ದೃಷ್ಟಿ ಉಪ್ಪು ಬಿಟ್ಟಿಲ್ವಲ್ಲಮ್ಮ ನೀನು, ಎಂದ. ಆ ಟಣ್ ಎಂಬ ಸದ್ದು ಇನ್ನೂ ಕಿವಿಯಲ್ಲಿದೆ. ಅವನ ಬೆರಳಿಗೆ ತಾಗುವಷ್ಟು ಹತ್ತಿರ ಇತ್ತು, ತಟ್ಟಿ ಹೋದ.

ಶೋಳಿಂಗನಲ್ಲೂರಿನಲ್ಲಿ ನಾನೂ ಭಾವನೂ ಸೇರಿ ನಡೆಸುತ್ತಿದ್ದ ಆ ಶೆಡ್ಡಿನ ನೀರು, ಬಾಯಿಗೆ ಹಾಕಿದರೆ ನಾಲಿಗೆ ಒರಟಾಗುವ ಬೋರ್‌ವೆಲ್ ನೀರು, ಬಕೆಟ್ಟಿನ ಒಳಗೋಡೆಗೆ ಸುಣ್ಣದ ಗೆರೆ ಎಳೆಯುವ ನೀರು, ಅದರಲ್ಲಿ ಸೋಪು ನೊರೆ ಬಿಡುವುದಿಲ್ಲ, ಬಟ್ಟೆ ಮೆತ್ತಗಾಗುವುದಿಲ್ಲ, ಅಂಥ ನೀರಲ್ಲಿ ಕಾರು ತೊಳೆಯಬೇಕು, ಅದೂ ಒರೆಸದೆ ಒಣಗಬೇಕು, ಅದು ನನ್ನ ಹುಚ್ಚು. ಗುಜರಿಯಿಂದ ತಂದ ಒಂದು ಕಪ್ಪು ಕಾರಿನ ಬಾಗಿಲನ್ನು ಗೋಡೆಗೆ ಒರಗಿಸಿ, ತೆಂಗಿನೆಣ್ಣೆಯ ಸೋಪಿಗೆ ಇದನ್ನು ಸೇರಿಸಿ ಅದನ್ನು ಸೇರಿಸಿ, ಹೊಯ್ದು, ತೊಳೆದು, ಬಿಸಿಲಿಗೆ ತಿರುಗಿಸಿ ಕಾಯುವುದು. ನೀರು ಹಾಳೆಯ ಹಾಗೆ ಒಟ್ಟಿಗೆ ಜಾರಿ ಹೋದರೆ ಗೆದ್ದೆ, ಒಂದೇ ಒಂದು ಹನಿ ನಿಂತರೂ ಸೋತೆ, ನಿಂತ ಹನಿ ಬಿಸಿಲಿಗೆ ಸಣ್ಣಗಾಗುತ್ತಾ ಅಂಚಿನಲ್ಲಿ ಬಿಳಿಯ ಬಳೆಯೊಂದನ್ನು ಬರೆದು ಹೋಗುತ್ತದೆ, ಆ ಬಳೆ ಬಟ್ಟೆಗೂ ಹೋಗುವುದಿಲ್ಲ ಉಗುರಿಗೂ ಹೋಗುವುದಿಲ್ಲ. ಎಷ್ಟೋ ಕಾಲ ಸೋತೆ. ಅಕ್ಕ ಮಧ್ಯಾಹ್ನ ತನ್ನ ಕಚೇರಿಯಿಂದ ಊಟದ ಡಬ್ಬಿ ತಂದವಳು ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತು, ನೋಡೇ ಅಂಬೂ, ರಂಗೋಲಿಗೆ ಚುಕ್ಕಿ ಇಟ್ಟು ಎದ್ದು ಹೋದ ಹಾಗಿದೆ, ಗೆರೆ ಎಳೆಯೋದು ಮರೆತು, ಅಂದಳು. ಕೊನೆಗೆ ಸಿಕ್ಕಿತು, ಶಾಂಪೂ ಒಂದರಿಂದ ಆಗುವುದಲ್ಲ, ನೀರನ್ನೇ ಮೊದಲು ಮೆದು ಮಾಡಬೇಕು, ಎದೆಯೆತ್ತರದ ಒಂದು ಕಂಬ, ಕಂಬದೊಳಗೆ ಸಾಸಿವೆಯಂಥ ಕಂದು ಕಾಳು, ಆ ಕಾಳು ನೀರಿನ ಗಡಸುತನವನ್ನು ಹೀರಿಕೊಳ್ಳುತ್ತದೆ, ಹೀರಿ ಹೀರಿ ಅದಕ್ಕೂ ಸಾಕಾಗುತ್ತದೆ, ಆಗ ಪಕ್ಕದ ಪುಟ್ಟ ತೊಟ್ಟಿಯಲ್ಲಿ ಕಲ್ಲುಪ್ಪು ಕರಗಿಸಿ ಆ ಉಪ್ಪುನೀರನ್ನು ಕಂಬದೊಳಗೆ ಹಾಯಿಸಿದರೆ ಕಾಳು ಮತ್ತೆ ಬಾಯಿ ತೆರೆಯುತ್ತದೆ. ಅಷ್ಟೇ. ಊರಿನ ಯಾವ ಅಂಗಡಿಯಲ್ಲೂ ಸಿಗುವ ಉಪ್ಪು. ಮೂಟೆ ತರಿಸಿ ಮೂಲೆಯಲ್ಲಿ ಇಟ್ಟಿದ್ದೆ, ಬೆಳಿಗ್ಗೆ ಶೆಡ್ಡು ತೆರೆದ ಕೂಡಲೇ ಮೊದಲ ಕೆಲಸ ಅದು. ಭಾವ ಬರುತ್ತಿದ್ದದ್ದು ಸಂಜೆಗೆ, ಆಫೀಸು ಮುಗಿಸಿ, ಯಾರನ್ನೋ ಕರೆದುಕೊಂಡು ತೋರಿಸಲು, ಮಾತು ಅವನ ಪಾಲು ಕೆಲಸ ನನ್ನ ಪಾಲು ಎಂದು ಮೊದಲೇ ಹಂಚಿಕೊಂಡಿದ್ದೆವು, ಮಾತು ಬಾರದವಳಿಗೆ ಅದು ಎಷ್ಟು ಹಿತವಾಗಿತ್ತು. ಕಂಬದ ಕೊರಳಿಗೆ ಅಮ್ಮ ಕಟ್ಟಿಸಿದ್ದ ನಿಂಬೆಹಣ್ಣು ಮೆಣಸಿನಕಾಯಿ, ಅದರ ಬುಡದಲ್ಲಿ ಉಪ್ಪಿನ ಮೂಟೆ, ಅವನು ಎರಡನ್ನೂ ಸೇರಿಸಿ ನೋಡಿ, ಇಷ್ಟು ದೊಡ್ಡ ಮೂಟೆನಾ, ಇಡೀ ಓಎಂಆರ್ ರಸ್ತೆಗೆ ದೃಷ್ಟಿ ತೆಗೀಬಹುದಲ್ಲಮ್ಮ, ನಿಮ್ಮಮ್ಮನ ಹುಚ್ಚು ನಿನಗೂ ಹಿಡೀತು, ಎಂದ. ನಾನು ನಕ್ಕೆ. ತಿದ್ದಲಿಲ್ಲ. ಆಗ ಅದರಲ್ಲಿ ಯಾವ ಹಗೆಯೂ ಇರಲಿಲ್ಲ, ಹಗೆ ಎಂದರೇನೆಂದೇ ಆಗ ಗೊತ್ತಿರಲಿಲ್ಲ, ಬರೀ ಸೋಮಾರಿತನ, ಮಾತಾಡುವುದಕ್ಕೆ.

ಒಂದು ಸೋಮವಾರ ಶೆಡ್ಡಿನ ಬೀಗ ಬದಲಾಗಿರಲಿಲ್ಲ, ಅದೇ ವಿಚಿತ್ರ, ನನ್ನ ಕೀಲಿಗೇ ತೆರೆಯಿತು, ತೆರೆದರೆ ಒಳಗೆ ಬೆಳಕು ಜಾಸ್ತಿ, ಯಾಕೆ ಇಷ್ಟು ಬೆಳಕು ಎಂದು ನಿಂತೆ, ಮರೆ ಮಾಡಲು ಏನೂ ಉಳಿದಿರಲಿಲ್ಲ ಅದಕ್ಕೆ. ಡ್ರಮ್ಮುಗಳಿಲ್ಲ, ಪಂಪಿಲ್ಲ, ಕಂಬವಿಲ್ಲ, ತೊಟ್ಟಿಯಿಲ್ಲ, ಕಪ್ಪು ಬಾಗಿಲೂ ಇಲ್ಲ. ಮೂಲೆಯಲ್ಲಿ ಉಪ್ಪಿನ ಮೂಟೆ, ಅದರ ಮೇಲೆ ಬಾಡಿದ ನಿಂಬೆಹಣ್ಣು. ಎಲ್ಲವನ್ನೂ ಹೊತ್ತ ಭಾವ ಅದೊಂದನ್ನು ನನಗೆ ಬಿಟ್ಟಿದ್ದ. ಪೋರೂರಿನಲ್ಲಿ ಹೊಸ ಜಾಗ, ಹೊಸ ಬೋರ್ಡು, ನನ್ನ ಶಾಂಪೂವಿನ ಡ್ರಮ್ಮಿನ ಮೇಲೆ ಅವನ ಕಂಪನಿಯ ಚೀಟಿ, ಯಾರಾದರೂ ನನ್ನ ಹೆಸರು ಎತ್ತಿದರೆ, ಓ ಅಂಬುಜಾನಾ, ನಮ್ಮ ನಾದಿನಿ, ಶುರುನಲ್ಲಿ ಸ್ವಲ್ಪ ಕಲಸಿ ಕೊಡ್ತಿದ್ದಳು. ಕಲಸಿ ಕೊಡುತ್ತಿದ್ದಳು. ಚಟ್ನಿಪುಡಿಗೆ ಎಣ್ಣೆ ಕಲಸಿದ ಹಾಗೆ. ಅಕ್ಕನ ಮನೆಗೆ ಹೋದೆ, ಅಮ್ಮ ಸೋಫಾದಲ್ಲಿ, ಅಮ್ಮ ಇರುವುದೇ ಅಕ್ಕನ ಮನೆಯಲ್ಲಿ, ಅಕ್ಕ ಅಡುಗೆಮನೆಯಲ್ಲಿ ಬೆನ್ನು ಹಾಕಿ ಬೀನ್ಸು ಹೆಚ್ಚುತ್ತಿದ್ದಳು, ಅಕ್ಕಾ, ನಿಂಗೆ ಮೊದಲೇ ಗೊತ್ತಿತ್ತಾ, ಎಂದೆ. ಚಾಕು ನಿಲ್ಲಲಿಲ್ಲ. ಗೊತ್ತಿತ್ತು. ಯಾಕೆ ಹೇಳಲಿಲ್ಲ. ಚಾಕು ಆಗಲೂ ನಿಲ್ಲಲಿಲ್ಲ, ನೀನು ಕೇಳಲಿಲ್ಲ, ನಾನು ಹೇಳಲಿಲ್ಲ, ಎಂದಳು, ಇಷ್ಟೇ, ತಿರುಗಿ ನೋಡದೆ, ಹಾಲು ಮುಗಿದಿದೆ ಎಂದು ಹೇಳುವ ದನಿಯಲ್ಲಿ. ಅಮ್ಮ ಹಿಂದಿನಿಂದ ಬಂದು ಭುಜ ಹಿಡಿದಳು, ಅಕ್ಕನ ಮುಖ ನೋಡಿ ಸುಮ್ನಿದ್ಬಿಡು ಕಣವ್ವ, ಮನೆ ಮಾತು ಬೀದಿಗೆ ಬೇಡ, ನೀನು ಓದಿದೀಯ, ಇನ್ನೊಂದು ಮಾಡ್ಕೋತೀಯ, ಅವಳಿಗೆ ಇರೋದು ಇದೊಂದೇ ಸಂಸಾರ. ಅಕ್ಕನ ಮುಖ ಎಲ್ಲಿತ್ತು ನೋಡಲು, ಬೆನ್ನಿತ್ತು. ಅಪ್ಪ ಇಬ್ಬರಿಗೂ ಒಂದೇ ಹೂವಿನ ಹೆಸರಿಟ್ಟು ಹೋದ, ಜಲಜಾ, ಅಂಬುಜಾ, ಅವನಿಗೆ ಬೇರೆ ಹೂವೇ ಸಿಗಲಿಲ್ಲವೇ ಎಂದು ಚಿಕ್ಕಂದಿನಲ್ಲಿ ಜಗಳವಾಡುತ್ತಿದ್ದೆವು. ಸುಮ್ಮನಿದ್ದೆ. ಬೆಸೆಂಟ್ ನಗರದ ಕೋಣೆಗೆ ಬಂದು ಸುಮ್ಮನಿದ್ದೆ, ಕಡಲ ತೀರದಲ್ಲಿ ಕೂತು ಸುಮ್ಮನಿದ್ದೆ, ಜನ ಅದನ್ನು ಒಳ್ಳೆಯತನ ಎಂದರು, ಅಮ್ಮ ಫೋನಿನಲ್ಲಿ ನೀನು ಬಂಗಾರ ಕಣೇ ಎಂದಳು, ಸುಮ್ಮನಿರುವುದಕ್ಕೆ ಹಲ್ಲು ಇರುತ್ತದೆ ಎಂದು ಅವರು ಯಾರೂ ಎಣಿಸಲಿಲ್ಲ. ಅಕ್ಕನ ಆ ಮಾತನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡೆ, ಕೇಳಲಿಲ್ಲ ಹೇಳಲಿಲ್ಲ, ಕೇಳಲಿಲ್ಲ ಹೇಳಲಿಲ್ಲ, ಹುಣಿಸೆಬೀಜ ಚಪ್ಪರಿಸಿದ ಹಾಗೆ, ಒಂದು ದಿನ ಇಬ್ಬರ ಮುಖಕ್ಕೂ ಉಗುಳುವೆನೆಂದು.

ಆ ದಿನ ಇದು. ಪೋರೂರಿನಲ್ಲಿ ಅವನ ಪುಣ್ಯಕ್ಕೆ ಮೆಟ್ರೋ ನೀರು, ನಗರದ ಕೊಳಾಯಿಯ ಮೆದು ನೀರು, ಕಂಬಕ್ಕೆ ಅಲ್ಲಿ ಕೆಲಸವೇ ಇಲ್ಲ, ಅದನ್ನು ಅವನು ಕಸ ತಡೆಯುವ ಫಿಲ್ಟರು ಎಂದುಕೊಂಡಿದ್ದಾನೆ. ಪ್ರದರ್ಶನಕ್ಕೆಂದು ಅದರದೇ ಅಚ್ಚಿನಲ್ಲಿ ಹೊಸ ಕಂಬ ಮಾಡಿಸಿದ್ದಾನೆ, ಥಳಥಳ ಸ್ಟೀಲು, ಒಳಗೆ ಹೊಸ ಕಾಳು ತುಂಬಿಸಿದ್ದಾನೆ, ಪಕ್ಕದ ತೊಟ್ಟಿಯನ್ನೂ ಬಿಡದೆ ಮಾಡಿಸಿದ್ದಾನೆ, ನಾನು ಕೊಳವೆಗೆ ಸುತ್ತಿದ್ದ ನೀಲಿ ಟೇಪನ್ನೂ ಬಿಡದೆ, ಮೊದಲ ದಿನ ಅದನ್ನು ನೋಡಿ, ಅಯ್ಯೋ ಗೊತ್ತಾಗಿಬಿಟ್ಟಿದೆ ಇವನಿಗೆ ಅಂದುಕೊಂಡೆ, ಆಮೇಲೆ ಸರಿಯಾಗಿ ನೋಡಿದೆ, ತೊಟ್ಟಿಯೊಳಗೆ ಬ್ರಷ್ಷುಗಳು ನಿಂತಿವೆ, ಒಂದು ಮಡಿಸುವ ಕೊಡೆ, ಅವನ ನೀರಿನ ಬಾಟಲಿ. ಹೊಟ್ಟೆಯೊಳಗಿಂದ ಎದ್ದ ನಗುವನ್ನು ಹಳದಿ ಬಟ್ಟೆಯಲ್ಲಿ ಅದುಮಿಕೊಂಡೆ. ಇಲ್ಲಿ ನೀರು ಬರುವುದು ಟ್ಯಾಂಕರ್ ಲಾರಿಯಲ್ಲಿ, ಯಾವುದೋ ಬೋರ್‌ವೆಲ್ಲಿನದು, ಲಾರಿಯ ನಲ್ಲಿಯ ಬಾಯಿಗೇ ಬಿಳಿ ಹಕ್ಕಳೆ ಕಟ್ಟಿದೆ. ಹೊಸ ಕಾಳು ಮೊನ್ನೆ ಪೂರ್ತಿ ಹೀರಿತು, ನಿನ್ನೆ ಸಂಜೆ ದಣಿಯಿತು, ಇವತ್ತು ನೊರೆ ತೆಳ್ಳಗಾಗಿದೆ, ಇನ್ನು ಮಧ್ಯಾಹ್ನಕ್ಕೆ ನೀರು ಬಂದ ಹಾಗೆಯೇ ಹೋಗುತ್ತದೆ, ಸುಣ್ಣ ಹೊತ್ತುಕೊಂಡು, ನನ್ನ ಶಾಂಪೂವನ್ನು ಹಾಲು ಒಡೆದ ಹಾಗೆ ಒಡೆದುಕೊಂಡು. ಬಿಳಿ ಕಾರಿನ ಮೇಲೆ ಅದು ಯಾರಿಗೂ ಕಾಣದು. ಊಟವಾದ ಮೇಲೆ ಬರುವುದು ಕಪ್ಪು ಕಾರು. ಓಎಂಆರ್‌ನ ಐಟಿ ಆಫೀಸುಗಳಿಗೆಲ್ಲ ಕ್ಯಾಬ್ ಓಡಿಸುವ ಯಜಮಾನನೊಬ್ಬ ತನ್ನ ಸ್ವಂತ ಕಾರನ್ನೇ ತೊಳೆಸಲು ತರುತ್ತಾನೆ, ಒಪ್ಪಿಗೆಯಾದರೆ ಅವನ ಎಲ್ಲ ಡಿಪೋಗಳಿಗೂ ಭಾವನ ಯಂತ್ರವೇ, ಬೆಳಿಗ್ಗೆಯಿಂದ ಮೈಕಿನಲ್ಲಿ ಅದೇ, ಮುಟ್ಟದೆ ತೊಳೆಯುತ್ತದೆ, ಒರೆಸದೆ ಒಣಗುತ್ತದೆ, ಬನ್ನಿ ನೋಡಿ, ವಾಂಗ ಸಾರ್, ವಾಂಗ. ಅವನ ಪಕ್ಕದಲ್ಲಿ ಅಕ್ಕ, ನೇರಳೆ ರೇಷ್ಮೆ, ಮುಂಗೈಯಲ್ಲಿ ಕರಪತ್ರದ ಕಟ್ಟು, ವಿಮಾ ಕಚೇರಿಯ ಕೆಲಸ ಬಿಡಿಸಿ ಅಲ್ಲಿ ನಿಲ್ಲಿಸಿದ್ದಾನೆ, ಯಾರೋ ಅವಳನ್ನೇ ಏನೋ ಕೇಳಿದರು, ಅವಳು ಬಾಯಿ ತೆರೆದಳು, ಅವನು ಮೈಕು ಪಕ್ಕಕ್ಕೆ ಸರಿಸಿ, ಜಲಜಾ, ನೀನು ಪೇಪರ್ ಕೊಡು ಸಾಕು, ಉತ್ತರ ನಾನು ಕೊಡ್ತೀನಿ. ಅವಳು ಬಾಯಿ ಮುಚ್ಚಿದಳು, ನಗು ಮುಚ್ಚಲಿಲ್ಲ. ಅದನ್ನು ನೋಡಿ ನನಗೇನೂ ಅನಿಸಬಾರದು, ಅನಿಸಲಿಲ್ಲ. ಚಾಕು ನಿಲ್ಲಿಸದವಳು.

ಊಟದ ಹೊತ್ತಿಗೆ ಅವಳೇ ಓಣಿ ದಾಟಿ ಬಂದಳು, ಡಬ್ಬಿ ಹಿಡಿದುಕೊಂಡು, ಥೇಟ್ ಶೆಡ್ಡಿಗೆ ಬರುತ್ತಿದ್ದ ಹಾಗೆ, ಪುಳಿಯೋಗರೆ ಇದೆ ಕಣೇ, ಇಬ್ಬರಿಗಾಗತ್ತೆ. ಬಟ್ಟೆಗಳನ್ನು ಸರಿಸಿ ಜಾಗ ಮಾಡಿದೆ. ಈಗಲೂ ಹೊತ್ತು ಮೀರಿರಲಿಲ್ಲ, ಅದು ನನಗೆ ಗೊತ್ತಿತ್ತು, ಊಟದ ವಿರಾಮದಲ್ಲಿ ಈ ಬಟ್ಟಲಿನದ್ದಲ್ಲದೆ ಇನ್ನಷ್ಟು ಉಪ್ಪು ತರಿಸಿ, ಕರಗಿಸಿ ಕಂಬಕ್ಕೆ ಹಾಯಿಸಿದರೆ ಕಪ್ಪು ಕಾರು ಬರುವಷ್ಟರಲ್ಲಿ ಕಾಳು ಮತ್ತೆ ಬಾಯಿ ತೆರೆದಿರುತ್ತಿತ್ತು, ಒಂದೇ ವಾಕ್ಯ ಸಾಕಿತ್ತು, ಅಕ್ಕಾ ಆ ತೊಟ್ಟಿಗೆ ಉಪ್ಪು ಹಾಕಬೇಕು ಕಣೆ. ಆ ವಾಕ್ಯ ನಾಲಿಗೆಯ ಮೇಲೆ ಬಂದು ಕೂತಿತು, ಪುಳಿಯೋಗರೆಯೊಂದಿಗೆ ನುಂಗಿದೆ. ಅವರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅಂದಳು. ಹೂಂ. ಇದೊಂದು ಆಗಿಬಿಟ್ಟರೆ ಅವರನ್ನ ಹಿಡಿಯೋರಿಲ್ಲ ಅಂತಿದಾರೆ. ಹೂಂ. ಅಮ್ಮ ನಿನ್ನ ಕೇಳ್ತಿದ್ಲು. ಹೂಂ. ಅವಳು ಬಟ್ಟಲಿನತ್ತ ನೋಡಿದಳು, ಒಂದು ಹರಳು ತೆಗೆದಳು, ಬೆಳಕಿಗೆ ಹಿಡಿದಳು, ಏನೋ ಕೇಳುವವಳ ಹಾಗೆ ನನ್ನ ಮುಖ ನೋಡಿದಳು, ನಾನು ಬಟ್ಟೆ ಮಡಿಸಿದೆ. ಹರಳನ್ನು ಇದ್ದಲ್ಲೇ ಇಟ್ಟು, ಡಬ್ಬಿಯ ಮುಚ್ಚಳ ಒತ್ತಿ, ಸೆರಗು ಸರಿಮಾಡಿಕೊಂಡು ಹೋದಳು. ಕೇಳಲಿಲ್ಲವಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಇಲ್ಲ, ಹೇಳುತ್ತಿರಲಿಲ್ಲ, ಸುಳ್ಳು ಯಾಕೆ, ಈ ಬಯಲಿನ ಬಿಸಿಲಿಗೆ ನಾನು ಒಂದು ವರ್ಷ ಕಾದಿದ್ದೇನೆ, ಈ ಬಟ್ಟೆ ಕಂಪನಿಯವರು ಯಾರನ್ನು ಕಳಿಸೋಣ ಎಂದಾಗ ನಾನೇ ಹೋಗುತ್ತೇನೆಂದು ಮುಂದೆ ಬಿದ್ದವಳು, ಮಳಿಗೆ ಆ ಸಾಲಿನಲ್ಲೇ ಬೇಕೆಂದು ಕಾಡಿ ಹಾಕಿಸಿಕೊಂಡವಳು. ನಾಳೆ ಅಮ್ಮ ಕೇಳುತ್ತಾಳೆ, ನಿನಗೆ ಗೊತ್ತಿದ್ದೂ ಸುಮ್ಮನಿದ್ದೆಯಾ, ಆಗ ಹೇಳುತ್ತೇನೆ, ಅಕ್ಕನ ಮುಂದೆಯೇ, ಅವಳ ದನಿಯಲ್ಲೇ. ಕೇಳಲಿಲ್ಲ. ಹೇಳಲಿಲ್ಲ.

ಕಾರು ಬಂತು. ಕಪ್ಪೆಂದರೆ ಕಪ್ಪು, ಬಾನೆಟ್ಟಿನಲ್ಲಿ ಶಾಮಿಯಾನದ ಜಾಲರಿ, ಮೇಲಿನ ಬಿಸಿಲು, ಭಾವನ ತಲೆಕೆಳಗಾದ ಮುಖ ಎಲ್ಲ ಕಾಣುತ್ತಿದೆ, ಯಜಮಾನ ಬಿಳಿ ಪಂಚೆ, ಸುತ್ತ ಹತ್ತಾರು ಮೊಬೈಲುಗಳು ಮೇಲೆದ್ದಿವೆ, ಇನ್ನೂ ಏಳಲಿ, ಎಲ್ಲರೂ ಹಿಡಿದುಕೊಳ್ಳಲಿ, ಪಂಪು ಗುರ್ರೆಂದಿತು, ನೊರೆ ಚೆಲ್ಲಿತು, ನೊರೆಯಲ್ಲ ಅದು, ಅಕ್ಕಿ ತೊಳೆದ ನೀರು, ಆದರೂ ಜನ ಚಪ್ಪಾಳೆ, ಈಗ ಶುದ್ಧ ನೀರು ಎಂದು ಅವನು ಕೂಗುತ್ತಾನೆ, ನೀರು ಸುರಿಯಿತು, ಗಾಳಿ ಬೀಸಿತು, ಒಂದು ಕ್ಷಣ ಹಾಳೆ ಜಾರಿದ ಹಾಗೆಯೇ ಕಂಡಿತು, ಜಾರಿಬಿಡುತ್ತದೆಯೇ, ನಾನು ಮಾಡಿದ್ದು ಅಷ್ಟು ಚೆನ್ನಾಗಿದೆಯೇ, ಉಪ್ಪಿಲ್ಲದೆಯೂ — ಇಲ್ಲ, ಹಾಳೆ ಹರಿದು ಚೂರಾಯಿತು, ಹರಿದಲ್ಲಿ ಹನಿ ನಿಂತಿತು. ಒಂದು. ಅದರ ಪಕ್ಕದಲ್ಲಿ ಇನ್ನೊಂದು. ಬಾನೆಟ್ಟಿನ ತುಂಬ. ಇಂಜಿನ್ನಿನ ಕಾವು ಕೆಳಗಿನಿಂದ, ಬಿಸಿಲು ಮೇಲಿನಿಂದ, ಹನಿಗಳು ಸಣ್ಣಗಾಗುತ್ತಿವೆ, ಅಂಚು ಮೂಡುತ್ತಿದೆ, ಬಿಳಿ ಬಿಳಿ ಬಳೆಗಳು, ಯಜಮಾನ ಬಗ್ಗಿ ಬೆರಳಿಂದ ಒಂದನ್ನು ಉಜ್ಜಿದ, ಮತ್ತೆ ಉಜ್ಜಿದ, ಎನ್ನ ಸಾರ್ ಇದು, ಪುಳ್ಳಿ ಪುಳ್ಳಿಯಾ ಇರುಕ್ಕು, ಎಂದ, ಜೋರಾಗಿ ಅಲ್ಲ, ಮೆಲ್ಲಗೆ, ಮೈಕು ಹತ್ತಿರವಿದ್ದದ್ದರಿಂದ ಬಯಲಿಗೆಲ್ಲ ಕೇಳಿತು, ಪುಳ್ಳಿ ಪುಳ್ಳಿ, ಚುಕ್ಕಿ ಚುಕ್ಕಿ, ಯಾರೋ ನಕ್ಕರು. ಭಾವ ಮೈಕು ಆರಿಸಲು ಗುಂಡಿ ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ, ಅವನ ಕಿವಿ ಕೆಂಪಾಗಿದೆ, ಟ್ಯಾಂಕರ್‌ನವನನ್ನು ಬೈಯುತ್ತಾನೆ, ಪಂಪಿನವನನ್ನು ಬೈಯುತ್ತಾನೆ, ಕಂಬದ ಸುತ್ತ ಸುತ್ತುತ್ತಾನೆ, ತೊಟ್ಟಿಯಿಂದ ಬ್ರಷ್ಷು ಎಳೆದು ಏನು ಮಾಡಲೆಂದು ತಿಳಿಯದೆ ಹಾಗೇ ಹಿಡಿದು ನಿಂತಿದ್ದಾನೆ, ಇದು, ಇದೇ ಮುಖ, ಇದನ್ನೇ ನಾನು ಕೋಣೆಯ ಛಾವಣಿಯಲ್ಲಿ ಅಷ್ಟು ಸಲ ಬರೆದುಕೊಂಡದ್ದು, ಇನ್ನೂ ಸ್ವಲ್ಪ, ಇತ್ತ ನೋಡು ಭಾವ, ನನ್ನ ಮೇಜಿನ ತುದಿಗೆ ನೋಡು, ಟಣ್ ಎನ್ನಿಸಿದೆಯಲ್ಲ ಅಲ್ಲಿ — ನೋಡಲಿಲ್ಲ, ಅಕ್ಕನತ್ತ ತಿರುಗಿದ, ನಿಂತ್ಕೊಂಡು ಏನ್ ನೋಡ್ತಿದೀಯಾ, ಹೋಗಿ ಬಟ್ಟೆ ತಗೊಂಡ್ಬಾ. ಅವಳು ಬರುತ್ತಿದ್ದಾಳೆ. ಓಡುತ್ತಿಲ್ಲ. ಓಣಿಯ ನೀರಿನಲ್ಲಿ ಸೀರೆ ನೆನೆಯದಂತೆ ನೆರಿಗೆ ಎತ್ತಿ ಹಿಡಿದು, ಮದುವೆಮನೆಯಲ್ಲಿ ನಡೆದ ಹಾಗೆ. ಒಂದು ಬಟ್ಟೆ ಕೊಡೇ. ಯಾವುದು. ಯಾವುದಾದ್ರೂ. ಬೂದಿ ಬಣ್ಣದ್ದನ್ನು ಕೊಟ್ಟೆ, ಬಾಯಿ ತೆರೆದೆ, ಇಷ್ಟು ದಿನ ಚಪ್ಪರಿಸಿದ್ದನ್ನು ಉಗುಳಲು, ಈಗ, ಅವಳ ಮುಖಕ್ಕೆ, ಮುಖ ನನ್ನೆದುರೇ ಇದೆ, ಬೆನ್ನಲ್ಲ. ಅವಳೇ ಮೊದಲು ಮಾತಾಡಿದಳು, ಬಟ್ಟಲಿನ ಉಪ್ಪನ್ನು ನೋಡುತ್ತಾ, ನೀನು ದಿನಾ ಬೆಳಿಗ್ಗೆ ಆ ತೊಟ್ಟಿಗೆ ಉಪ್ಪು ಸುರೀತಿದ್ದೆ ಅಂತ ನಂಗೆ ಗೊತ್ತಿಲ್ವಾ, ಮೊದಮೊದಲು ಮೂಟೆಯ ಬಾಯಿ ಬಿಚ್ಚಿಕೊಟ್ಟೋಳು ನಾನಲ್ವೇನೆ. ಅಕ್ಕಾ. ಬಟ್ಟೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದಳು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಾಲು ಮುಗಿದಿದೆ ಎನ್ನುವ ಅದೇ ದನಿ. ಹೊರಟೇ ಹೋದಳು. ಅವಳಿಗೆ ಗೊತ್ತಿತ್ತು, ಮೊನ್ನೆಯಿಂದ, ಬ್ರಷ್ಷು ತುಂಬಿದ ಆ ತೊಟ್ಟಿಯ ಪಕ್ಕದಲ್ಲೇ ನಿಂತು, ನಗುತ್ತಾ, ಕರಪತ್ರ ಹಂಚುತ್ತಾ, ರಾತ್ರಿ ಅವನ ಮಗ್ಗುಲಲ್ಲಿ ಮಲಗಿ, ಬೆಳಿಗ್ಗೆ ಅವನಿಗೆ ಕಾಫಿ ಕೊಟ್ಟು, ನನಗೆ ಪುಳಿಯೋಗರೆ ಕಲಸಿ ತಂದು, ಗೊತ್ತಿತ್ತು, ಹಾಗಾದರೆ ಹರಳು ಎತ್ತಿ ನನ್ನ ಮುಖ ನೋಡಿದ್ದು ಕೇಳಲಿಕ್ಕಲ್ಲ, ನಾನು ಹೇಳಿಬಿಡುತ್ತೇನೋ ಎಂದು ನೋಡಲಿಕ್ಕೆ, ಹೇಳದಿದ್ದದ್ದನ್ನು ಕಂಡು ಮುಚ್ಚಳ ಒತ್ತಿದಳು. ಶೆಡ್ಡು ಹೋಯಿತು, ಶಾಂಪೂ ಹೋಯಿತು, ಹೆಸರು ಹೋಯಿತು, ಇದೊಂದು ನನ್ನದು ಎಂದುಕೊಂಡಿದ್ದೆ, ಒಂದು ವರ್ಷ ಹೊಟ್ಟೆಯಲ್ಲಿಟ್ಟು ಬೆಳೆಸಿದ್ದು, ಇದನ್ನೂ ಆ ಮನೆಯವರೇ ಎತ್ತಿಕೊಂಡು ಹೋದರು, ನನ್ನ ಮಾತನ್ನು ನನ್ನ ಬಾಯಿಂದಲೇ ಎತ್ತಿಕೊಂಡಳು, ಅದೂ ಮೊದಲಿನಿಂದ ಅವಳದೇ ಮಾತು. ಅವಳ ಮೇಲೆ ಸಿಟ್ಟು ಬರಬೇಕು, ಬರುತ್ತಿದೆ, ಅದರ ಹಿಂದೆ ಇನ್ನೇನೋ ಬರುತ್ತಿದೆ, ಅದಕ್ಕೆ ಜಾಗ ಕೊಡುವುದಿಲ್ಲ. ಅಲ್ಲಿ ಅವನು, ಒರೆಸು ಜಲಜಾ, ಬೇಗ ಒರೆಸು, ಎನ್ನುತ್ತಿದ್ದಾನೆ, ಆರದ ಮೈಕಿನಲ್ಲಿ ಒರೆಸು ಒರೆಸು ಎಂದು ಬಯಲೆಲ್ಲ, ಅಕ್ಕ ಕಾರಿನ ಪಕ್ಕದಲ್ಲಿ ನಿಂತಿದ್ದಾಳೆ, ನಾಲ್ಕು ಮಡಿಕೆಯ ಬಟ್ಟೆ ಮುಂಗೈ ಮೇಲೆ ಹಾಗೇ ಇದೆ, ಒರೆಸುತ್ತಿಲ್ಲ, ಬಾನೆಟ್ಟನ್ನು ನೋಡುತ್ತಿದ್ದಾಳೆ, ಅವಳು ನೋಡುವುದನ್ನೇ ನಾನೂ ನೋಡುತ್ತಿದ್ದೇನೆ, ಅವಳ ಕೈಗೆ ತೀರ ಹತ್ತಿರ ಒಂದು ಹನಿ, ಇನ್ನೂ ಒಣಗದ ಕೊನೆಯದು, ಅದರೊಳಗೆ ನೇರಳೆ ಬಣ್ಣ, ಸಣ್ಣಗಾಗುತ್ತಿದೆ, ಅಂಚು ಬೆಳ್ಳಗಾಗುತ್ತಿದೆ, ಅವಳು ಕೈ ಎತ್ತುತ್ತಿಲ್ಲ, ಹನಿ, ಕಪ್ಪಿನ ಮೇಲೆ ಹನಿ, ನೇರಳೆ ಹೋಯಿತು, ಬಳೆ ಉಳಿಯಿತು, ಬಿಳಿ ಬಳೆ, ಬಿಳಿ —